ಶವಯಾತ್ರೆಯ ಏಳು ಲಕ್ಷಣಗಳು

ಲಖನೌ
೧೦ ನವೆಂಬರ್ ೨೦೨೪

ಅಪ್ಪನಿಗೆ ಹರಿಪ್ರಿಯಾಳ ನಮಸ್ಕಾರಗಳು.

ಭಾನುವಾರ ಫೋನಿನಲ್ಲಿ ಮೂರು ಸಲ ಕೂಗಿ ಹೇಳಿದರೂ ನಿಮಗೆ ಏನೂ ಕೇಳಿಸಲಿಲ್ಲ. ಎಲ್ಲದಕ್ಕೂ "ಹೌದು, ಇಲ್ಲಿಯೂ ಚಳಿ" ಎಂದಿರಿ. ಕೇದಾರೇಶ್ವರನ ಗಂಟೆ ನಿಮ್ಮ ಕಿವಿ ತಿಂದುಹಾಕಿದೆ ಎಂದು ಕಾತ್ಯಾಯನಿ ಅತ್ತೆ ಹೇಳುವುದು ಸುಳ್ಳಲ್ಲ. ಇನ್ನು ಮೇಲೆ ಬರೆದೇ ತಿಳಿಸುತ್ತೇನೆ.

ನನ್ನ ಕೆಲಸ ಏನೆಂದು ನಿಮ್ಮಲ್ಲಿಗೆ ಶ್ರಾದ್ಧಕ್ಕೆ ಬರುವ ಯಾತ್ರಿಕರು ಕೇಳಿದರೆ ಏನು ಹೇಳಲಿ ಎಂದು ಕೇಳಿದ್ದಿರಿ. ಹೀಗೆ ಹೇಳಿ. ಎಲ್ಲೋ ಒಂದು ದೇಶದಲ್ಲಿ ಯುದ್ಧ ನಡೆಯುತ್ತಿದೆ. ಅಲ್ಲಿ ಹಾರುವ ಡ್ರೋನುಗಳು ಮೇಲಿನಿಂದ ತೆಗೆದ ವಿಡಿಯೊಗಳು ನಮ್ಮ ಆಫೀಸಿಗೆ ಬರುತ್ತವೆ. ಜನ ಗುಂಪುಗೂಡಿದ್ದು ಕಂಡರೆ ಅದು ಮದುವೆಯೋ, ಸಂತೆಯೋ, ಪ್ರಾರ್ಥನೆಯೋ, ಆಯುಧ ಹಿಡಿದವರ ಗುಂಪೋ ಎಂದು ನಾವು ಗುರುತು ಹಾಕಬೇಕು. ನಮ್ಮ ಗುರುತುಗಳನ್ನು ನೋಡಿ ಯಂತ್ರ ಕಲಿಯುತ್ತದೆ. ನಾಳೆ ಅದು ಮದುವೆಯನ್ನು ಕಂಡರೆ ಬಾಂಬು ಹಾಕದೆ ಮುಂದೆ ಹೋಗಬೇಕು. ನಮ್ಮ ವಿಭಾಗ ಇರುವುದು ಕೊಲ್ಲಲಿಕ್ಕಲ್ಲ ಅಪ್ಪ, ಬದುಕಿಸಲಿಕ್ಕೆ. ಇದನ್ನು ಒತ್ತಿ ಹೇಳಿ.

ತೊಂದರೆ ಬಂದಿರುವುದು ಶವಯಾತ್ರೆಯಲ್ಲಿ. ಮೇಲಿನಿಂದ ನೋಡಿದರೆ ಒಂದಷ್ಟು ಗಂಡಸರು, ಅವರ ನಡುವೆ ಉದ್ದನೆಯ ಏನೋ ಒಂದು, ಅವಸರದ ನಡಿಗೆ. ಆಯುಧ ಸಾಗಿಸುವವರೂ ಹಾಗೆಯೇ ಕಾಣುತ್ತಾರೆ. ನಮ್ಮ ಮೇಲ್ವಿಚಾರಕ ಅಭಿನವ ಸರ್ ನಿನ್ನೆ ಎಲ್ಲರ ಎದುರಿಗೆ, "ಅರೆ, ನಮ್ಮಲ್ಲಿ ಬನಾರಸ್‌ನವಳು ಇದ್ದಾಳಲ್ಲ! ಹೆಣದ ವಿಷಯ ಆ ಊರಿನವರಿಗಿಂತ ಯಾರಿಗೆ ಗೊತ್ತು?" ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ನಿಮ್ಮ ನೆನಪಾಯಿತು. ಆ ದೇಶದ ಪದ್ಧತಿ ಬೇರೆ ಇರಬಹುದಲ್ಲ ಸರ್ ಎಂದೆ. ಸಾವು ಎಲ್ಲಾ ಕಡೆಗೂ ಒಂದೇ ಎಂದರು.

ಶವಯಾತ್ರೆಯನ್ನು ಗುರುತಿಸುವುದು ಹೇಗೆ ಎಂದು ಬಿಡಿಸಿ ಬರೆಯುತ್ತೀರಾ? ನಾನು ಅದನ್ನು ಹಿಂದಿಗೆ ಮಾಡಿ ಕೊಡುತ್ತೇನೆ.

ನಿಮ್ಮ ಮಗಳು
ಹರಿಪ್ರಿಯಾ


ಬಂಗಾಲಿ ಟೋಲಾ, ಕಾಶಿ
೧೭ ನವೆಂಬರ್ ೨೦೨೪

ಚಿರಂಜೀವಿ ಹರಿಪ್ರಿಯಾಳಿಗೆ ಅಪ್ಪನ ಆಶೀರ್ವಾದ.

ಅಂತೂ ಕೇಳಬೇಕಾದವರನ್ನೇ ಕೇಳಿದೆ. ಮೂವತ್ತೆಂಟು ವರ್ಷದಿಂದ ಹೆಣ ಸುಡುವ ಹರಿಶ್ಚಂದ್ರ ಘಾಟನ್ನು ದಾಟಿಕೊಂಡೇ ಯಾತ್ರಿಕರನ್ನು ಕರೆತರಲು ಹೋಗುತ್ತಿದ್ದೇನೆ. ಧಾರವಾಡದಿಂದ ಮೈಸೂರಿನವರೆಗೆ ಎಷ್ಟು ಮನೆತನಗಳ ಹಿರಿಯರಿಗೆ ಈ ಕೈ ಪಿಂಡ ಹಾಕಿಸಿದೆಯೋ ಲೆಕ್ಕವಿಲ್ಲ. ನಿಮ್ಮ ಯಂತ್ರಕ್ಕೆ ಗುರು ಸಿಕ್ಕ ಎಂದು ತಿಳಿದುಕೊ. ದಕ್ಷಿಣೆ ಬೇಡ.

ಲಕ್ಷಣಗಳು ಏಳು. ಸರಿಯಾಗಿ ಬರೆದುಕೊ. ಶವವು ನಾಲ್ವರ ಹೆಗಲ ಮೇಲೆ ಹೋಗುತ್ತದೆ, ಇದು ಮೊದಲನೆಯದು. ವಾಹನದಲ್ಲಿ ಹೋಗುವುದಿಲ್ಲ. ವಾಹನದಲ್ಲಿ ಹೋಗುವುದು ಸಾಮಾನು, ಇದು ಎರಡನೆಯದು. ಹೆಂಗಸರು ಜೊತೆಗೆ ಬರುವುದಿಲ್ಲ, ಮನೆಯ ಹೊಸ್ತಿಲಲ್ಲಿಯೇ ನಿಲ್ಲುತ್ತಾರೆ, ಇದು ಮೂರನೆಯದು. ಕರ್ತೃವಾದವನು ಬೆಂಕಿಯ ಮಡಿಕೆ ಹಿಡಿದು ಎಲ್ಲರಿಗಿಂತ ಮುಂದೆ ಇರುತ್ತಾನೆ. ಕಾಲಲ್ಲಿ ಚಪ್ಪಲಿ ಇರುವುದಿಲ್ಲ, ನಡಿಗೆ ಬಿರುಸು. ಮೆರವಣಿಗೆ ನೀರಿರುವ ಕಡೆಗೇ ಹೋಗುತ್ತದೆ. ಕೊನೆಯದಾಗಿ, ಹಿಂತಿರುಗುವಾಗ ಯಾರೂ ಹಿಂದಕ್ಕೆ ನೋಡುವುದಿಲ್ಲ.

ಇವುಗಳಲ್ಲಿ ಒಂದು ತಪ್ಪಿದರೂ ಅದು ಶವಯಾತ್ರೆ ಅಲ್ಲ ಎಂದೇ ಬರೆ. ಶಾಸ್ತ್ರದಲ್ಲಿ ಅರ್ಧಂಬರ್ಧ ಎನ್ನುವುದು ಇಲ್ಲ. ನಿಮ್ಮ ಸಾಹೇಬನಿಗೆ ಸಂದೇಹ ಬಂದರೆ ಕಾಶಿಗೆ ಕಳಿಸು, ನಾನೇ ಪಾಠ ಹೇಳುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಬದರೀನಾರಾಯಣ


ಲಖನೌ
೨೨ ಜನವರಿ ೨೦೨೫

ಅಪ್ಪನಿಗೆ ನಮಸ್ಕಾರಗಳು.

ಸಂತೋಷದ ಸುದ್ದಿ. ನಿಮ್ಮ ಏಳು ಲಕ್ಷಣಗಳು ಈಗ ನಿಯಮಗಳಾಗಿವೆ. ನಾನು ಹಿಂದಿಯಲ್ಲಿ ಬರೆದುಕೊಟ್ಟೆ, ಅಭಿನವ ಸರ್ ಇಂಗ್ಲಿಷಿನಲ್ಲಿ ಬರೆಸಿದರು. ಮೊದಲ ಪುಟದಲ್ಲಿ "ಅಂತ್ಯಕ್ರಿಯೆಗಳ ತಜ್ಞರಾದ ವಾರಾಣಸಿಯ ವಿದ್ವಾನ್ ಬದರೀನಾರಾಯಣ ಅವರ ವರದಿಯ ಆಧಾರದಿಂದ" ಎಂದು ಅಚ್ಚಾಗಿದೆ. ನೀವು ಬರೆದದ್ದು ಇನ್‌ಲ್ಯಾಂಡ್ ಪತ್ರ, ಅವರಿಗೆ ಅದು ವರದಿ! ನಗು ಬಂತು, ಹೆಮ್ಮೆಯೂ ಆಯಿತು.

ಮೊದಲು ಆಫೀಸಿನವರು ಶವಯಾತ್ರೆಯನ್ನು ಹತ್ತರಲ್ಲಿ ನಾಲ್ಕು ಸಲ ತಪ್ಪು ಗುರುತಿಸುತ್ತಿದ್ದರಂತೆ. ಈಗ ಪರೀಕ್ಷೆಗೆ ಇಟ್ಟ ಎಲ್ಲಾ ವಿಡಿಯೊಗಳಲ್ಲಿಯೂ ಸರಿಯಾಗಿದೆ. ಆ ಪರೀಕ್ಷೆಯ ವಿಡಿಯೊಗಳನ್ನು ಆರಿಸಿಕೊಟ್ಟವಳೂ ನಾನೇ. ಮುಂದಿನ ತಿಂಗಳಿನಿಂದ ಯಂತ್ರ ನಿಜವಾದ ಡ್ರೋನುಗಳಲ್ಲಿ ಕೆಲಸ ಮಾಡುತ್ತದೆ. ನಿಮ್ಮಿಂದಾಗಿ ಯಾವುದೋ ಊರಿನ ಜನ ತಮ್ಮವರನ್ನು ನೆಮ್ಮದಿಯಿಂದ ಮಣ್ಣು ಮಾಡಿ ಬರುತ್ತಾರೆ ಎಂದು ಯೋಚಿಸಿ.

ನನ್ನನ್ನು ಎಂಟು ಜನರ ತಂಡಕ್ಕೆ ಮುಖ್ಯಸ್ಥೆ ಮಾಡಿದ್ದಾರೆ.

ಹರಿಪ್ರಿಯಾ


ಕಾಶಿ
೩೦ ಜನವರಿ ೨೦೨೫

ಹರಿಪ್ರಿಯಾ, ಆಶೀರ್ವಾದ.

ನಿನ್ನ ಪತ್ರವನ್ನು ಜಂಗಮವಾಡಿಗೆ ಒಯ್ದು ಮಠದ ಗುರುಪಾದಯ್ಯನವರಿಗೆ ಓದಿ ಹೇಳಿದೆ. "ವಿದ್ವಾನ್ ಅಂತ ಅಚ್ಚು ಹಾಕಿಸಿಬಿಟ್ರಲ್ಲ ಆಚಾರ್ಯರೇ, ಇನ್ನ ನಿಮ್ಮನ್ನ ಮಾತಾಡ್ಸಲಿಕ್ಕೂ ಚೀಟಿ ಕಳಿಸಬೇಕೇನೋ" ಎಂದು ತಮಾಷೆ ಮಾಡಿದರು. ವಿಶ್ವನಾಥ ಗಲ್ಲಿಯ ಅಂಗಡಿಯವರಿಗೂ ಸುದ್ದಿ ಮುಟ್ಟಿದೆ. ನಾನು ಮುಟ್ಟಿಸಲಿಲ್ಲ, ತಾನಾಗಿ ಮುಟ್ಟಿತು. ಸ್ವಲ್ಪ ನಾನೂ ಮುಟ್ಟಿಸಿದೆ.

ಆ ಪುಟದ ನಕಲು ಸಿಕ್ಕರೆ ಕಳಿಸು. ಕಟ್ಟು ಹಾಕಿಸಿ ಗೋಡೆಗೆ ಹಾಕುತ್ತೇನೆ.

ಬದರೀನಾರಾಯಣ


ಲಖನೌ
೧೪ ಏಪ್ರಿಲ್ ೨೦೨೫

ಅಪ್ಪ,

ಹತ್ತಿರ ಹತ್ತಿರ ಮೂರು ತಿಂಗಳು ಬರೆಯಲಿಲ್ಲ, ಕೆಲಸ ಹೆಚ್ಚಾಗಿತ್ತು. ಇವತ್ತು ಬರೆಯದೆ ಇರಲಾರೆ.

ಯಂತ್ರ ತಪ್ಪಿದ ಕಡೆಯ ವಿಡಿಯೊಗಳು ಮರುಪರಿಶೀಲನೆಗೆ ನಮ್ಮಲ್ಲಿಗೆ ಬರುತ್ತವೆ. ಶುಕ್ರವಾರ ಬಂದದ್ದು ನನ್ನ ಮೇಜಿಗೆ ಬಂತು. ಬೆಳಗಿನ ಬಿಸಿಲು. ಗುಡ್ಡದ ನಡುವಿನ ಮಣ್ಣಿನ ರಸ್ತೆಯಲ್ಲಿ ಒಂದು ಪಿಕಪ್ ಗಾಡಿ, ಅದರ ಹಿಂದೆ ಎರಡು ಕಾರು. ಪಿಕಪ್‌ನಲ್ಲಿ ಉದ್ದನೆಯ ಪೆಟ್ಟಿಗೆ, ಅದರ ಎರಡೂ ಬದಿ ಕೈಯಿಟ್ಟು ಹಿಡಿದುಕೊಂಡು ಕುಳಿತ ಗಂಡಸರು. ಕಾರುಗಳಲ್ಲಿ ಹೆಂಗಸರು. ಒಂದು ಕಡೆ ನಿಲ್ಲಿಸಿದರು. ಒಬ್ಬ ಹೆಂಗಸು ಇಳಿದು ಬಂದು ಪೆಟ್ಟಿಗೆಯ ಮೇಲೆ ಬಟ್ಟೆ ಸರಿಮಾಡಿ ಮತ್ತೆ ಹತ್ತಿದಳು. ಪೆಟ್ಟಿಗೆಯಲ್ಲಿ ಇದ್ದದ್ದು ಅವಳವರು ಯಾರೋ, ಅದು ನನಗೆ ನೋಡಿದ ಕೂಡಲೇ ತಿಳಿಯಿತು. ಯಾರಿಗಾದರೂ ತಿಳಿಯುತ್ತದೆ.

ಯಂತ್ರಕ್ಕೆ ತಿಳಿಯಲಿಲ್ಲ. ಪಕ್ಕದಲ್ಲಿ ಅದರ ತೀರ್ಮಾನ ಬರೆದಿರುತ್ತದೆ. ಶವಯಾತ್ರೆ ಅಲ್ಲ, ಕಾರಣ ಎರಡನೆಯ ನಿಯಮ, ವಾಹನ. ಶವಯಾತ್ರೆ ಅಲ್ಲ, ಕಾರಣ ಮೂರನೆಯ ನಿಯಮ, ಹೆಂಗಸರು. ಆಯುಧ ಸಾಗಣೆ ಇರಬಹುದು. ನೋಡುತ್ತಿದ್ದ ಸೈನಿಕನಿಗೆ ನಿರ್ಧರಿಸಲು ಹನ್ನೊಂದು ಸೆಕೆಂಡು ಇತ್ತಂತೆ. ಅವನು ಯಂತ್ರವನ್ನು ನಂಬಿದ.

ಹದಿನಾಲ್ಕು ಜನ ಅಪ್ಪ. ಪೆಟ್ಟಿಗೆಯಲ್ಲಿದ್ದವರನ್ನು ಬಿಟ್ಟು.

ಮರುಪರಿಶೀಲನೆಯ ಕಾಗದದಲ್ಲಿ "ನಿಯಮದ ಮೂಲ" ಎಂಬ ಜಾಗ ಇದೆ. ಅಲ್ಲಿ ನಿಮ್ಮ ಹೆಸರು ಇತ್ತು. ಕೆಳಗೆ, ಸಂಗ್ರಹಿಸಿದವರು ಎಂದು ನನ್ನ ಹೆಸರು.

ಹರಿಪ್ರಿಯಾ


ಕಾಶಿ
೨೦ ಏಪ್ರಿಲ್ ೨೦೨೫

ಹರಿಪ್ರಿಯಾಳಿಗೆ,

ನಿನ್ನ ಪತ್ರ ಓದಿ ಮನಸ್ಸಿಗೆ ಬಹಳ ಕಷ್ಟವಾಯಿತು. ಆದರೆ ಒಂದು ಮಾತು. ನಾನು ಹೇಳಿದ್ದು ನಮ್ಮ ಪದ್ಧತಿ. ಅದನ್ನು ಯಾವುದೋ ದೇಶದ ಯಾವುದೋ ಜನರಿಗೆ ಹಚ್ಚಿ ಎಂದು ನಾನು ಹೇಳಿದೆನೇ? ನಾನು ಗಂಗೆಯ ದಡದಲ್ಲಿ ಕುಳಿತು ತಿಲ ತರ್ಪಣ ಮಾಡಿಸುವವನು. ಬಾಂಬು ಹಾಕಿದವರು ಬೇರೆ, ಅದನ್ನು ಮಾಡಿದವರು ಬೇರೆ. ಇಷ್ಟಕ್ಕೂ ನಿಮ್ಮ ಸಾಹೇಬನೇ ಸಾವು ಎಲ್ಲಾ ಕಡೆಗೂ ಒಂದೇ ಎಂದನಲ್ಲ. ನೀನು ಸುಮ್ಮನೆ ಎಲ್ಲವನ್ನೂ ತಲೆಗೆ ಹಚ್ಚಿಕೊಳ್ಳಬೇಡ.

ಹೆಸರು ಗೋತ್ರ ತಿಳಿಯದೆ ಸತ್ತವರಿಗೂ, ಶಸ್ತ್ರದಿಂದ ಸತ್ತವರಿಗೂ ಕೊಡುವ ಪಿಂಡ ನಮ್ಮಲ್ಲಿ ಇದೆ. ಅಮಾವಾಸ್ಯೆಯ ದಿನ ಕೇದಾರ ಘಾಟಿನಲ್ಲಿ ಹದಿನಾಲ್ಕು ಪಿಂಡ ಹಾಕುತ್ತೇನೆ. ಅವರಿಗೂ ಶಾಂತಿ, ನಿನಗೂ ಶಾಂತಿ. ನೀನು ಎರಡು ದಿನ ರಜೆ ಹಾಕಿ ಬಾ.

ಬದರೀನಾರಾಯಣ


ಲಖನೌ
೨೬ ಏಪ್ರಿಲ್ ೨೦೨೫

ಅಪ್ಪ,

ಪಿಂಡ ಹಾಕಬೇಡಿ. ಅವರು ನಮ್ಮನ್ನು ಕೇಳಲಿಲ್ಲ. ನನಗೆ ಶಾಂತಿಯೂ ಬೇಡ. ನನಗೆ ಬೇಕಾದದ್ದು ನಿಮ್ಮಿಂದ ಒಂದು ಕಾಗದ.

ಆ ನಿಯಮಗಳು ಈಗಲೂ ನಡೆಯುತ್ತಿವೆ. ಇದನ್ನು ನೀವು ಅರ್ಥಮಾಡಿಕೊಳ್ಳಬೇಕು. ಆ ಶುಕ್ರವಾರದ ವಿಡಿಯೊ ಮುಗಿದುಹೋದ ಕಥೆಯಲ್ಲ. ಇವತ್ತು ಬೆಳಿಗ್ಗೆಯೂ ಡ್ರೋನುಗಳು ಹಾರಿವೆ, ಅವುಗಳೊಳಗೆ ನಿಮ್ಮ ಏಳು ಲಕ್ಷಣಗಳಿವೆ. ತೆಗೆದುಹಾಕಿ ಎಂದು ಅಭಿನವ ಸರ್‌ಗೆ ಹೇಳಿದೆ. "ತಜ್ಞರ ವರದಿ ಅದು, ನೀನು ಹೇಗೆ ತೆಗೀತೀಯಾ? ತಪ್ಪು ಅಂತ ಅವರೇ ಬರೆದು ಕೊಡಲಿ, ಮೇಲಿನವರಿಗೆ ಕಳಿಸ್ತೀನಿ" ಎಂದರು. ಅವರು ಕೆಟ್ಟವರಲ್ಲ. ಅವರಿಗೆ ಕಾಗದ ಬೇಕು. ಬರೆದದ್ದು ಪೂರ್ತಿ ನಿಜವಲ್ಲ, ಬರೆಯುವಾಗಲೇ ನಿಮಗೆ ಗೊತ್ತಿತ್ತು ಎಂದು ನೀವು ಸಹಿ ಮಾಡಿ ಕಳಿಸಬೇಕು.

ಗೊತ್ತಿತ್ತಲ್ಲ ಅಪ್ಪ? ಕೇಳಬಾರದು ಎಂದು ಇಷ್ಟು ವರ್ಷ ಸುಮ್ಮನಿದ್ದೆ. ಅಮ್ಮ ಹೆಗಲ ಮೇಲೆ ಹೋಗಲಿಲ್ಲ. ಕೊರೊನಾದ ಆ ಏಪ್ರಿಲ್‌ನಲ್ಲಿ ಹೊರಲು ನಾಲ್ಕು ಜನ ಸಿಗಲಿಲ್ಲ. ಬಿಳಿ ವ್ಯಾನಿನಲ್ಲಿ ಪ್ಲಾಸ್ಟಿಕ್ ಸುತ್ತಿ ತಂದರು. ಹಿಂದಿನ ಸೀಟಿನಲ್ಲಿ ಹೆಂಗಸೊಬ್ಬಳು ಕುಳಿತಿದ್ದಳು, ಅದು ನಾನು. ಚಪ್ಪಲಿ ಹಾಕಿಕೊಂಡೇ ಇದ್ದೆವು. ಬೆಂಕಿಯ ಮಡಿಕೆ ಇರಲಿಲ್ಲ, ವಿದ್ಯುತ್ ಚಿತಾಗಾರದ ಬಾಗಿಲು ಇತ್ತು. ಹಿಂತಿರುಗುವಾಗ ನೀವು ಎಷ್ಟು ಸಲ ಹಿಂದಕ್ಕೆ ನೋಡಿದಿರಿ ಎಂದು ನಾನು ಎಣಿಸಿದ್ದೇನೆ. ಮನೆಗೆ ಬಂದ ಮೇಲೆ, ಇದನ್ನು ಯಾರ ಮುಂದೆಯೂ ಆಡಬೇಡ ಎಂದಿರಿ. ನಾನು ಆಡಲಿಲ್ಲ.

ನವೆಂಬರಿನಲ್ಲಿ ನಿಮ್ಮ ಪತ್ರ ಬಂದಾಗಲೂ ಆಡಲಿಲ್ಲ. ಹೆಂಗಸರು ಬರುವುದಿಲ್ಲ ಎಂಬ ಸಾಲನ್ನು ಹಿಂದಿಗೆ ಮಾಡಿದವಳು, ಬಂದಿದ್ದ ಹೆಂಗಸೇ. ಒಂದು ಕ್ಷಣ ಕೈ ನಿಂತಿತು. ಅಪ್ಪ ಬರೆದಿದ್ದಾರೆ, ಇರಲಿ ಎಂದು ಮುಂದೆ ಹೋದೆ. ನಿಮಗಿಂತ ನನ್ನ ತಪ್ಪೇ ದೊಡ್ಡದು. ಆದರೆ ನನ್ನ ಸಹಿ ಅವರಿಗೆ ಸಾಲದು.

ಬೇಗ ಬರೆಯಿರಿ.

ಹರಿಪ್ರಿಯಾ


ಲಖನೌ
೨೫ ಮೇ ೨೦೨೫

ಅಪ್ಪ,

ಒಂದು ತಿಂಗಳಾಯಿತು. ಅತ್ತೆಗೆ ಫೋನ್ ಮಾಡಿದೆ. ನೀವು ಚೆನ್ನಾಗಿದ್ದೀರಿ, ಯಾತ್ರಿಕರ ಜೊತೆ ದಿನಾ ದೋಣಿ ಹತ್ತುತ್ತೀರಿ, ಊಟಕ್ಕೆ ಕುಳಿತರೆ ಮಾತ್ರ ಮಾತಿಲ್ಲ ಎಂದರು.

ನಾನು ಕೆಲಸ ಬಿಟ್ಟು ಬರಬಹುದು. ಬಂದರೆ ಇಲ್ಲಿ ಇದನ್ನು ಕೇಳುವವರು ಯಾರೂ ಇರುವುದಿಲ್ಲ. ಅದಕ್ಕಾಗಿ ಇದ್ದೇನೆ.

ನಾಲ್ಕು ಸಾಲು ಸಾಕು.

ಹರಿಪ್ರಿಯಾ


ಕಾಶಿ
೩ ಜೂನ್ ೨೦೨೫

ಮಗಳೇ,

ನಿನ್ನ ಏಪ್ರಿಲ್‌ನ ಪತ್ರವನ್ನು ಓದಿ ಸಿಟ್ಟು ಬಂದಿತ್ತು. ಅಮ್ಮನ ಮಾತು ತೆಗೆದೆಯಲ್ಲ ಎಂದು. ಸಿಟ್ಟು ಇಳಿದ ಮೇಲೆ ಅದರ ಕೆಳಗೆ ಏನಿತ್ತು ಎಂಬುದು ಕಂಡಿತು. ಹೇಳಿಬಿಡುತ್ತೇನೆ, ನಾಚಿಕೆ ಇತ್ತು. ಕರ್ನಾಟಕದಿಂದ ಜನ ಬರುವುದು ಆಚಾರ್ಯರು ಒಂದು ಹುಲ್ಲುಕಡ್ಡಿಯೂ ಆಚೀಚೆ ಆಗದಂತೆ ಮಾಡಿಸುತ್ತಾರೆ ಎಂಬ ನಂಬಿಕೆಯಿಂದ. ಅವರ ಹೆಂಡತಿಯೇ ಮಂತ್ರವಿಲ್ಲದೆ ಹೋದಳು ಎಂದು ತಿಳಿದರೆ ಯಾರು ಬಂದಾರು? ನಾಲ್ಕು ವರ್ಷದಿಂದ ನಾನು ತುಂಗಾಳನ್ನು ಮನಸ್ಸಿನಲ್ಲಿ ಹೆಗಲ ಮೇಲೆಯೇ ಹೊತ್ತುಕೊಂಡು ಹೋಗುತ್ತಿದ್ದೇನೆ. ನಿನಗೆ ಬರೆದುಕೊಟ್ಟದ್ದು ಆ ಯಾತ್ರೆಯನ್ನು. ಆಗಿದ್ದನ್ನಲ್ಲ.

ಕಾತ್ಯಾಯನಿಗೆ ಎಲ್ಲವನ್ನೂ ಓದಿ ಹೇಳಿದೆ. ಅವಳು ಒಲೆಯ ಮುಂದಿನಿಂದ ಎದ್ದು ಬಂದಳು. "ಅಣ್ಣಾ, ದಿನಾ ಗಾಜೀಪುರದಿಂದ, ಬಲಿಯಾದಿಂದ ಜೀಪಿನ ಮ್ಯಾಲೆ ಕಟಗೊಂಡು ಬರ್ತಾವಲ್ಲ, ಅವೇನು ಮದಿಮಕ್ಕಳೇನು? ಸೋನಾರ್‌ಪುರಾ ಚೌಕದಾಗ ಅವಕ್ಕ ದಾರಿ ಬಿಡಲಿಕ್ಕಂತ ನೀನೇ ರಿಕ್ಷಾದವ್ರಿಗೆ ಬೈತಿ. ಬರದ್ರ ಖರೇ ಬರಿ, ಇಲ್ಲಾಂದ್ರ ಪೆನ್ನು ಮುಟ್ಟಬ್ಯಾಡ" ಎಂದಳು. ನನ್ನ ತಂಗಿ ನನಗೆ ಈ ದನಿಯಲ್ಲಿ ಮಾತಾಡಿದ್ದು ಇದೇ ಮೊದಲು.

ಆಮೇಲೆ ಮೂರು ದಿನ ಹರಿಶ್ಚಂದ್ರ ಘಾಟಿನ ಮೆಟ್ಟಿಲ ಮೇಲೆ ಕುಳಿತೆ. ಮೂವತ್ತೆಂಟು ವರ್ಷ ದಾಟಿಕೊಂಡು ಹೋದವನು ಮೊದಲ ಸಲ ಕುಳಿತು ನೋಡಿದೆ. ಜೀಪಿನ ಮೇಲೆ ಬಂದವು, ಟ್ರ್ಯಾಕ್ಟರಿನಲ್ಲಿ ಬಂದವು, ಆಂಬುಲೆನ್ಸಿನಲ್ಲಿ ಬಂದವು. ಒಂದರ ಮುಂದೆ ಬ್ಯಾಂಡಿನವರು ಬಾರಿಸುತ್ತಿದ್ದರು, ಸತ್ತ ಮುದುಕನಿಗೆ ತೊಂಬತ್ತಾರು ವರ್ಷವಂತೆ, ಮೊಮ್ಮಕ್ಕಳು ಕುಣಿಯುತ್ತಿದ್ದರು. ಒಂದಕ್ಕೆ ಇಬ್ಬರು ಹೆಣ್ಣುಮಕ್ಕಳು ಹೆಗಲು ಕೊಟ್ಟಿದ್ದರು. ಚಪ್ಪಲಿ ಎಲ್ಲರ ಕಾಲಲ್ಲಿಯೂ ಇತ್ತು. ಎರಡನೆಯ ದಿನ ಇ-ರಿಕ್ಷಾದಿಂದ ಒಬ್ಬನೇ ಗಂಡಸು ಇಳಿದ. ಎದೆಗೆ ಕೂಸಿನಷ್ಟುದ್ದದ ಒಂದು ಬಟ್ಟೆಯ ಗಂಟು ಅವಚಿಕೊಂಡಿದ್ದ. ಹಿಂದೆ ಯಾರೂ ಇರಲಿಲ್ಲ. ಅಸ್ಸಿ ಘಾಟಿನ ಕಡೆಗೆ ಹೋಗುವ ಹುಡುಗರ ಗುಂಪು ಪಕ್ಕದಲ್ಲೇ ಹಾದುಹೋಯಿತು, ಯಾರಿಗೂ ಅದು ಶವಯಾತ್ರೆ ಎನ್ನಿಸಲಿಲ್ಲ. ನಿನ್ನ ಯಂತ್ರವನ್ನು ನೆನೆದು ನನಗೆ ಅಳು ಬಂತು.

ಕೆಳಗಿನದನ್ನು ನಿನ್ನವರಿಗೆ ಕೊಡು.

"ಸಂಬಂಧಪಟ್ಟವರಿಗೆ. ನಾನು ತಜ್ಞನಲ್ಲ, ಕಾಶಿಯಲ್ಲಿ ಕರ್ನಾಟಕದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ಪುರೋಹಿತ. ಕಳೆದ ವರ್ಷ ನವೆಂಬರ್ ೧೭ರಂದು ನಾನು ಬರೆದ ಏಳು ಲಕ್ಷಣಗಳು ಶವಯಾತ್ರೆ ಹೇಗಿರಬೇಕು ಎಂಬ ನನ್ನ ಆಸೆ. ಹೇಗಿರುತ್ತದೆ ಎಂಬುದು ನನಗೆ ಆಗಲೂ ಗೊತ್ತಿತ್ತು. ನನ್ನ ಹೆಂಡತಿ ತುಂಗಾಬಾಯಿಯ ಶವ ವಾಹನದಲ್ಲಿ ಬಂತು, ಜೊತೆಗೆ ಮಗಳಿದ್ದಳು. ಅದನ್ನು ಮುಚ್ಚಿಟ್ಟು ಬರೆದೆ. ಒಂದು ಲಕ್ಷಣ ತಪ್ಪಿದರೂ ಶವಯಾತ್ರೆ ಅಲ್ಲ ಎಂಬ ಮಾತು ಸುಳ್ಳು. ಸತ್ತವರನ್ನು ಜನ ಹೇಗೆ ಸಾಧ್ಯವೋ ಹಾಗೆ ಒಯ್ಯುತ್ತಾರೆ. ಗೊತ್ತಾಗದಿದ್ದಾಗ ಶವಯಾತ್ರೆ ಎಂದೇ ತಿಳಿದು ಬಿಟ್ಟುಬಿಡಬೇಕು. ಏಳೂ ನಿಯಮಗಳನ್ನು ಈ ಕೂಡಲೇ ತೆಗೆದುಹಾಕಿ. ಬದರೀನಾರಾಯಣ, ಬಂಗಾಲಿ ಟೋಲಾ, ೩ ಜೂನ್ ೨೦೨೫."

ಅಪ್ಪ


ಲಖನೌ
೨೫ ಜೂನ್ ೨೦೨೫

ಅಪ್ಪ,

ನಿಮ್ಮ ಪತ್ರ ಸೋಮವಾರ ತಲುಪಿತು. ಅಭಿನವ ಸರ್ ನನ್ನಿಂದ ಹಿಂದಿಯಲ್ಲಿ ಎರಡು ಸಲ ಓದಿಸಿಕೊಂಡರು. "ಹೀಗೆ ಗೊತ್ತಾಗದ್ದನ್ನೆಲ್ಲಾ ಬಿಟ್ಟುಬಿಡು ಅಂದ್ರೆ ಆ ಡ್ರೋನು ಎಲ್ಲಿಯೂ ಬಾಂಬು ಹಾಕೋಕೇ ಆಗಲ್ಲ" ಎಂದರು. ಹೌದು ಸರ್ ಎಂದೆ. ಆದರೂ ಮೇಲಿನವರಿಗೆ ಕಳಿಸಿದರು. ನಿನ್ನೆ ಸಂಜೆ ಏಳೂ ನಿಯಮಗಳನ್ನು ತೆಗೆದರು. ಗೊತ್ತಾಗದಿದ್ದಾಗ ಬಿಟ್ಟುಬಿಡಬೇಕು ಎಂಬ ನಿಮ್ಮ ಮಾತನ್ನು ಮಾತ್ರ ಸೇರಿಸಲಿಲ್ಲ. ಅದಕ್ಕಾಗಿ ನಾನು ಜಗಳ ಮುಂದುವರಿಸುತ್ತೇನೆ. ನನ್ನನ್ನು ಕೆಲಸದಲ್ಲಿ ಎಷ್ಟು ದಿನ ಇಟ್ಟುಕೊಳ್ಳುತ್ತಾರೋ ನೋಡೋಣ.

ಅಷ್ಟನ್ನು ಬರೆಯಲು ನಿಮಗೆ ಎಷ್ಟು ಕಷ್ಟವಾಗಿರಬೇಕು ಎಂದು ನನಗೆ ಗೊತ್ತು. ಓದುತ್ತಾ ನಾನು ಅತ್ತುಬಿಟ್ಟೆ.

ಇನ್ನೊಂದನ್ನು ಬರೆಯಬಾರದು ಎಂದು ಎರಡು ದಿನ ತಡೆದುಕೊಂಡೆ. ನೀವು ಹಾಕಿದ ತಾರೀಖು ಜೂನ್ ಮೂರು. ಲಕೋಟೆಯ ಮೇಲಿನ ಅಂಚೆಯ ಮುದ್ರೆ ಜೂನ್ ಹತ್ತೊಂಬತ್ತು. ಕಾಶಿಯಿಂದ ಲಖನೌಗೆ ಮೂರು ನಾಲ್ಕು ದಿನ ಸಾಕು.

ಜೂನ್ ಹನ್ನೊಂದರಂದು ಇನ್ನೊಂದು ಆಯಿತು. ಒಂದೇ ಕಾರು, ಮೇಲೆ ಕಟ್ಟಿದ ಚಾಪೆಯ ಸುರುಳಿ. ಐದು ಜನ. ಎರಡನೆಯ ನಿಯಮ.

ಆ ಹದಿನಾರು ದಿನ ಪತ್ರ ಎಲ್ಲಿತ್ತು ಅಪ್ಪ?

ಹರಿಪ್ರಿಯಾ


ಕಾಶಿ
೩೦ ಜೂನ್ ೨೦೨೫

ಹರಿಪ್ರಿಯಾ,

ಹುಬ್ಬಳ್ಳಿಯಿಂದ ಅರವತ್ತು ಜನರ ಗುಂಪು ಬಂದಿತ್ತು. ಅವರು ಹೊರಟುಹೋದ ಮೇಲೆ ಹಾಕೋಣ ಎಂದುಕೊಂಡೆ. ಅವರು ಹೋದ ಮೇಲೆ ಇನ್ನೊಂದು ಗುಂಪು ಬಂತು. ಹೀಗೆ ಬರೆದರೆ ನೀನು ನಂಬಬಹುದು, ಆದರೆ ಅದು ಕಾರಣವಲ್ಲ. ಕಾರಣ ಹೆದರಿಕೆ. ಬರೆದು ಮುಗಿಸಿದಾಗ ಮನಸ್ಸು ಹಗುರವಾಗಿತ್ತು. ಅಷ್ಟು ಹಗುರವಾದದ್ದೇ ಸಾಕು ಎನ್ನಿಸಿಬಿಟ್ಟಿತು. ಅಂಚೆಯವರೆಗೆ ಹೋಗಲು ಕಾಲು ಏಳಲಿಲ್ಲ.

ಪತ್ರ ನನ್ನ ಪಂಚಾಂಗದೊಳಗೆ ಇತ್ತು. ದಿನಾ ಬೆಳಿಗ್ಗೆ ಅದನ್ನು ಸರಿಸಿ, ಬಂದವರಿಗೆ ಒಳ್ಳೆಯ ದಿನ ನೋಡಿ ಹೇಳುತ್ತಿದ್ದೆ. ಹನ್ನೊಂದರಂದೂ ಹೇಳಿದ್ದೇನೆ.

ಬದರೀನಾರಾಯಣ